ಭೀಮನ ಬಲವೂ ದಾಳದ ಮಾತೂ

ದಾಳದ ಮುಂದೆ ಭೀಮನ ಗದೆ ಸುಮ್ಮನೆ ಕುಳಿತದ್ದು ಕೌರವರ ಸಭೆಯಲ್ಲಿ ಮಾತ್ರ ಎಂದು ನಾವು ತಿಳಿದಿದ್ದೆವು. ಡಲ್ಲಾಸಿನ ನಮ್ಮ ಮನೆಯ ಮಹಡಿಯಲ್ಲಿ ಅದು ಪ್ರತಿ ಲಾಂಗ್ ವೀಕೆಂಡೂ ನಡೆಯುತ್ತದೆ. ಹ್ಯೂಸ್ಟನ್, ಆಸ್ಟಿನ್‌ಗಳಿಂದ ಬಂದ ಸ್ನೇಹಿತರ ಮಕ್ಕಳು ನಮ್ಮವರೊಡನೆ ಸೇರಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡುತ್ತಾರೆ. ಕೆಳಗೆ ಬಿಸಿಬೇಳೆ ಭಾತ್ ಆರಿ ತಣ್ಣಗಾದರೂ ಯಾರೂ ಇಳಿದು ಬರುವುದಿಲ್ಲ.

ತಿಳಿಯದವರಿಗಾಗಿ ಎರಡು ಮಾತು. ಇದರಲ್ಲಿ ಪ್ರತಿಯೊಬ್ಬರೂ ಒಂದು ಪಾತ್ರ ವಹಿಸುತ್ತಾರೆ. ಪಾತ್ರದ ಬಲ, ಬುದ್ಧಿ ಮೊದಲಾದ ಆರು ಗುಣಗಳಿಗೆ ಅಂಕಗಳಿವೆ. ಸಾಮಾನ್ಯನಿಗೆ 10, ಮಹಾಬಲನಿಗೆ 18. ಬಾಗಿಲು ಮುರಿಯಬೇಕೆಂದರೆ 20 ಮುಖದ ದಾಳ ಉರುಳಿಸಿ ಬಲದ ಪಾಲು ಕೂಡಿಸಬೇಕು. 18ರವನಿಗೆ ಸಿಗುವ ಪಾಲು 4 ಮಾತ್ರ. 8ರವನಿಗೆ 1 ಕಳೆಯುತ್ತಾರೆ. ಇವರಿಬ್ಬರೂ ಪಂಜ ಕುಸ್ತಿಗೆ ಕುಳಿತರೆ, ನಾವು ಕಾಗದದ ಮೇಲೆ ಲೆಕ್ಕ ಹಾಕಿದಂತೆ, 400 ಸಾಧ್ಯತೆಗಳಲ್ಲಿ 105ರಲ್ಲಿ ನರಪೇತಲನೇ ಗೆಲ್ಲುತ್ತಾನೆ!

ವೈದ್ಯರಾದ ನಮಗೆ ಇದು ಜೀರ್ಣವಾಗಲಿಲ್ಲ. ರೋಗಿಯ ಸ್ನಾಯುಬಲವನ್ನು ನಾವು 0ಯಿಂದ 5ರವರೆಗೆ ಗುರುತಿಸುತ್ತೇವೆ. 3 ಎಂದರೆ ಭೂಮಿಯ ಸೆಳೆತ ಮೀರಿ ಕೈ ಎತ್ತಬಲ್ಲ, ನಾವು ಒತ್ತಿದರೆ ತಡೆಯಲಾರ. ಬೆಳಿಗ್ಗೆ 3 ಇದ್ದವನು ಮಧ್ಯಾಹ್ನ 5 ಆಗುವುದಿಲ್ಲ. (ಮಯಸ್ತೀನಿಯಾದಂಥ ಕಾಯಿಲೆಗಳ ಮಾತು ಬೇರೆ.) ಊರ ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವವನೂ ಅಷ್ಟೇ. ನಿನ್ನೆ ಹೆಗಲಿಗೇರಿಸಿದವನು ಇಂದೂ ಏರಿಸುತ್ತಾನೆ.

ನಿಯಮದ ಪುಸ್ತಕವನ್ನೇ ತೆರೆದು ನೋಡಿದೆವು. 2014ರ ಆವೃತ್ತಿಯ ಪ್ರಕಾರ ಬಲದ ಅಂಕದ 30 ಪಟ್ಟು ಪೌಂಡು ಎತ್ತಬಹುದು. 18ರವನಿಗೆ 540 ಪೌಂಡು, ದಾಳವೇ ಬೇಡ. ಫಲ ಏನೆಂದು ಅನುಮಾನವಿದ್ದಾಗ ಮಾತ್ರ ದಾಳ ಹಾಕಿ ಎಂದೂ ಇದೆ. ಆದರೆ ಕೈಗೆ ದಾಳ ಬಂದ ಮೇಲೆ ಅದನ್ನು ಓದುವವರು ಯಾರು? ನಮ್ಮ ಆಸ್ಟಿನ್ನಿನ ಸ್ಟೀವ್ ಜಾಕ್ಸನ್ ಗೇಮ್ಸ್ 1986ರಲ್ಲಿ ತಂದ ‘ಗರ್ಪ್ಸ್’ ನಮಗೆ ಹೆಚ್ಚು ಹಿಡಿಸಿತು. ಅಲ್ಲಿ ಮೂರು ದಾಳಗಳ ಮೊತ್ತ ಬಲದ ಅಂಕವನ್ನು ಮೀರಬಾರದು. 14ರವನಿಗೆ ನೂರಕ್ಕೆ 91 ಸಲ ಗೆಲುವು, 8ರವನಿಗೆ 26 ಸಲ.

ಇಷ್ಟು ಲೆಕ್ಕಕ್ಕೆ ಕಾರಣ ಆ ಗುಂಪಿನ ಒಬ್ಬ ಹುಡುಗ. ಅವನೂ ಅವನ ತಾಯಿಯೂ ಒಪ್ಪಿದ್ದರಿಂದ ಬರೆಯುತ್ತಿದ್ದೇವೆ. ಅವನಿಗೆ ಸ್ನಾಯುಗಳ ಕಾಯಿಲೆ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಅವನ ಪಾತ್ರದ ಬಲ 18. ಕಳೆದ ಸಲ ಅವನ ವೀರ ಕಲ್ಲಿನ ಬಾಗಿಲಿಗೆ ಹೆಗಲು ಕೊಟ್ಟ. ದಾಳ 2 ಬಿತ್ತು. ಹಿಂದೆಯೇ ಕಡ್ಡಿಯಂಥ ಮಾಂತ್ರಿಕನೊಬ್ಬ ತಳ್ಳಿದ. 19 ಬಿದ್ದು ಬಾಗಿಲು ತೆರೆಯಿತು. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಊಟದವರೆಗೂ ಮಾತಾಡಲಿಲ್ಲ.

ಆಟ ನಡೆಸುವವಳು ನಮ್ಮ ಮಗಳು. “ಅಷ್ಟು ಬಲ ಇದ್ದವನಿಗೆ ಬಾಗಿಲು ತೆರೆಯಲೇಬೇಕಮ್ಮಾ” ಎಂದೆವು. “ದಾಳ ಇಲ್ಲದೆ ಮಜಾ ಎಲ್ಲಿದೆ ಅಪ್ಪಾ?” ಎಂದಳು. ವಾರವೆಲ್ಲ ಚರ್ಚೆ ನಡೆದು ಒಂದು ರಾಜಿಯಾಯಿತು. ಈಗ ಅವನು ತಳ್ಳಿದರೆ ಬಾಗಿಲು ತೆರೆಯುತ್ತದೆ. ಆ ಸದ್ದಿಗೆ ಒಳಗಿನ ಕಾವಲಿನವರು ಎದ್ದರೋ ಇಲ್ಲವೋ ಎಂಬುದಕ್ಕೆ ದಾಳ. ಇದುವರೆಗೆ ಎರಡು ಸಲ ಎದ್ದಿದ್ದಾರೆ.