ಪಂಚಮಹಾವಾದ್ಯದ ಹಕ್ಕು

ಕಾವೇರಿಯ ದಡದ ನಮ್ಮ ರುದ್ರಪಟ್ಟಣ ಸಂಗೀತಗಾರರ ಊರೆಂದು ನಾಡಿನಲ್ಲೆಲ್ಲ ಹೆಸರಾದುದು. ಇಲ್ಲಿ 1920ರಲ್ಲಿ ಹುಟ್ಟಿ, ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಕುಳಿತು ಹಾಡಿದ ಆರ್.ಕೆ. ಶ್ರೀಕಂಠನ್ ಅವರಂಥವರು ಬೆಳೆದ ಸಂಗೀತಪ್ರಪಂಚದಲ್ಲಿ, ಭಿನ್ನಾಭಿಪ್ರಾಯವನ್ನು ಸೂಚಿಸುವುದಕ್ಕೆ ಬಹು ಸಭ್ಯವಾದ ಒಂದು ಪದ್ಧತಿಯುಂಟು. ತ್ಯಾಗರಾಜರ ಒಂದೇ ಕೃತಿಯನ್ನು ಎರಡು ಶಿಷ್ಯಪರಂಪರೆಯವರು ಹಾಡುವಾಗ ಸಂಗತಿಗಳ ಕ್ರಮ ಬೇರೆಯಾಗಬಹುದು, ತಾಳದಲ್ಲಿ ಹಾಡನ್ನು ಎತ್ತಿಕೊಳ್ಳುವ ಎಡುಪು ಬೇರೆಯಾಗಬಹುದು, ಸಾಹಿತ್ಯದ ಒಂದೆರಡು ಅಕ್ಷರಗಳೂ ಬೇರೆಯಾಗಬಹುದು. ಅಂಥ ಸಂದರ್ಭದಲ್ಲಿ ಹಿರಿಯ ವಿದ್ವಾಂಸರು ಎದುರಿನವರ ಹಾಡನ್ನು ತಪ್ಪೆನ್ನರು. “ನಮ್ಮ ಪಾಠ ಹೀಗೆ” ಎಂದಷ್ಟೇ ಹೇಳಿ ತಮ್ಮದನ್ನು ಹಾಡಿ ತೋರಿಸುವರು. ತನ್ನ ಗುರುವಿಗೆ ನಿಷ್ಠೆ, ಇನ್ನೊಬ್ಬರ ಗುರುವಿಗೆ ಗೌರವ, ಎರಡೂ ಆ ಮೂರು ಮಾತುಗಳಲ್ಲಿ ಅಡಗಿವೆ.

ಗಾನಕ್ಕೆ ಈ ಔದಾರ್ಯ ಸುಲಭವಾಗಿ ಒದಗುತ್ತದೆ. ಏಕೆಂದರೆ ಇಂದು ಒಬ್ಬರು ಹಾಡಿದ ರೀತಿ ನಾಳೆ ಮತ್ತೊಬ್ಬರು ಬೇರೆಯಾಗಿ ಹಾಡುವುದಕ್ಕೆ ಅಡ್ಡಿಯಾಗದು. ಆದರೆ ಮುಖಪರಿಚಯವೂ ಇಲ್ಲದ ಬಹುಮಂದಿ ಕೂಡಿ ಒಂದೇ ಪಾಠವನ್ನು ಸಿದ್ಧಪಡಿಸಬೇಕಾದಲ್ಲಿ, ಆ ಒಂದು ಪಾಠವನ್ನೇ ನಾಡಿನ ಮಕ್ಕಳೆಲ್ಲ ಓದಬೇಕಾದಲ್ಲಿ, ನಿಮ್ಮದು ನಿಮಗೆ ನಮ್ಮದು ನಮಗೆ ಎಂದು ಬೇರ್ಪಡುವುದಕ್ಕೆ ಅವಕಾಶವೆಲ್ಲಿ? 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಅಂಥದೊಂದು ಕಾರ್ಯ. ಬರೆಯುವವರಿಗೆ ವೇತನವಿಲ್ಲ, ಲೇಖನದ ತಲೆಯ ಮೇಲೆ ಲೇಖಕನ ಹೆಸರಿಲ್ಲ, ಒಬ್ಬನು ಬರೆದುದನ್ನು ಇನ್ನೊಬ್ಬನು ಕೇಳದೆಯೇ ತಿದ್ದಬಹುದು. ಪ್ರತಿಯೊಂದು ಲೇಖನದ ಬೆನ್ನಿಗೂ ಒಂದು ಚರ್ಚೆಯ ಪುಟವಿದೆ. ಯಾರು ಯಾವ ದಿನ ಯಾವ ಗಳಿಗೆಯಲ್ಲಿ ಯಾವ ಪದವನ್ನು ಬದಲಿಸಿದರೆಂಬುದನ್ನು ಉಳಿಸಿಡುವ ಇತಿಹಾಸದ ಪುಟವಿದೆ. ಇಡೀ ಬಳಗ ಸೇರಿ ಮಾತನಾಡುವುದಕ್ಕೆ ಅರಳಿ ಕಟ್ಟೆ ಎಂದು ಕರೆಯಲಾಗುವ ಸ್ಥಳವಿದೆ. ಪುಟಕ್ಕೆ ಬೀಗ ಹಾಕುವ, ಲೇಖನವನ್ನು ಅಳಿಸುವ, ಬಳಕೆದಾರನನ್ನು ತಡೆಹಿಡಿಯುವ ಅಧಿಕಾರವುಳ್ಳ ನಿರ್ವಾಹಕರೂ ಸ್ವಯಂಸೇವಕರೇ.

ಇಂಥ ಬಳಗಗಳಿಗೆ ಅಧಿಪತಿಯಿಲ್ಲ, ಸಂಬಳದ ಹಂಗಿಲ್ಲ. ಬರುವವರ ಮನಸ್ಸೊಂದೇ ಅವುಗಳ ಬಂಡವಾಳ. ಆ ಬಂಡವಾಳ ಸೋರಿಹೋಗುವ ಬಗೆಯನ್ನು ಕಂಡು ನಾನು ಬಹಳ ನೊಂದಿದ್ದೇನೆ. ಹೆಸರು ಹೇಳಬೇಕಿಲ್ಲದ ಒಂದು ಸ್ವಯಂಸೇವಕ ಬಳಗದಲ್ಲಿ, ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವರೊಬ್ಬರು ಎಲ್ಲರಿಗಿಂತ ಕಟುವಾಗಿಯೂ ಮಾತನಾಡುತ್ತಿದ್ದರು. ಅವರ ದುಡಿಮೆ ಕಣ್ಣಿಗೆ ಕಾಣುವಂಥದು, ಎಣಿಸಬಹುದಾದುದು. ಅವರ ಒಂದು ಮಾತಿಗೆ ಕುಗ್ಗಿ, ಮರುದಿನದಿಂದ ಇತ್ತ ಸುಳಿಯದೆ ಹೋದ ಹೊಸಬರಾದರೋ ಯಾರ ಲೆಕ್ಕಕ್ಕೂ ಸಿಕ್ಕದವರು. “ಅಷ್ಟು ಕೆಲಸ ಮಾಡುತ್ತಾರೆ, ಒಂದು ಮಾತು ಆಡಿದರೆ ಆಡಲಿ ಬಿಡಿ” ಎಂದು ಉಳಿದವರು ಸಹಿಸಿಕೊಂಡರು. ಆ ಸಹನೆಯನ್ನು ಸೌಜನ್ಯವೆನ್ನಲು ನಾನು ಒಪ್ಪಲಾರೆ. ಹೊರಟುಹೋದವರು ಬರೆಯಬಹುದಾಗಿದ್ದುದೆಲ್ಲ ಆ ಬಳಗದ ನಷ್ಟವೇ.

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ಅದು ಮೃದುವಾದ ವೇಷದಲ್ಲಿ ಬರುವುದರಿಂದ ಹೆಚ್ಚು ಅಪಾಯಕರ. ಸಭ್ಯತೆಯ ನಿಯಮವನ್ನೇ ಭಿನ್ನಮತದ ಬಾಯಿ ಕಟ್ಟುವುದಕ್ಕೆ ಬಳಸುವುದು. ಅನ್ಯಾಯಕ್ಕೆ ಒಳಗಾದವನ ಧ್ವನಿ ಸಹಜವಾಗಿ ಬಿಸಿಯಾಗಿರುತ್ತದೆ. ಅನ್ಯಾಯ ಮಾಡಿದವನಿಗೆ ತಣ್ಣಗೆ ಮಾತನಾಡಲು ಯಾವ ಅಡ್ಡಿಯೂ ಇಲ್ಲ. ನಡುವೆ ಕುಳಿತವನು ಧ್ವನಿಯನ್ನಷ್ಟೇ ಅಳೆದರೆ, ದೂರು ತಂದವನೇ ಅಪರಾಧಿಯಾಗಿ ಹೊರಬೀಳುತ್ತಾನೆ. ಧ್ವನಿಗೆ ಎಚ್ಚರಿಕೆ ಕೊಡುವುದು ಯುಕ್ತವೇ. ಆದರೆ ಎಚ್ಚರಿಕೆ ಕೊಟ್ಟಮಾತ್ರಕ್ಕೆ ದೂರಿಗೆ ಉತ್ತರ ಕೊಡುವ ಹೊಣೆ ಮುಗಿಯದು. ತಾನೇ ಕಕ್ಷಿಯಾಗಿರುವ ವಿವಾದದಲ್ಲಿ ನಿರ್ವಾಹಕನು ತನ್ನ ಅಧಿಕಾರವನ್ನು ಪ್ರಯೋಗಿಸಬಾರದೆಂಬ ನಿಯಮ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಹುಕಾಲದಿಂದ ಇದೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಮಂಡಳಿಯೂ 2021ರಲ್ಲಿ ತನ್ನ ಎಲ್ಲ ಯೋಜನೆಗಳಿಗೆ ಅನ್ವಯಿಸುವ ಸಾರ್ವತ್ರಿಕ ನೀತಿಸಂಹಿತೆಯೊಂದನ್ನು ಪ್ರಕಟಿಸಿತು. ನಿಯಮಗಳು ಒಳ್ಳೆಯವೇ. ಆದರೆ ಬರೆಯುವವರೂ ಅವರೇ, ಜಗಳವಾಡುವವರೂ ಅವರೇ, ತೀರ್ಪು ಹೇಳಬೇಕಾದವರೂ ಅವರೇ ಆಗುವ ಚಿಕ್ಕ ಬಳಗದಲ್ಲಿ, ನಿಯಮವನ್ನು ಹಿಡಿದು ನಿಲ್ಲುವ ಮೂರನೆಯವನನ್ನು ಎಲ್ಲಿಂದ ತರುವುದು?

ಈ ಪ್ರಶ್ನೆ ಮನಸ್ಸನ್ನು ಕಾಡಿದಾಗಲೆಲ್ಲ ನನ್ನ ಯೋಚನೆ ನಮ್ಮ ಜಿಲ್ಲೆಯದೇ ಆದ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ, ಅಲ್ಲಿನ ಭಂಡಾರಿ ಬಸದಿಯಲ್ಲಿರುವ ಒಂದು ಶಿಲಾಶಾಸನಕ್ಕೆ ಹರಿಯುತ್ತದೆ. ಶಕವರ್ಷ 1290, ಅಂದರೆ ಕ್ರಿ.ಶ. 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು, ವೈಷ್ಣವ ಭಕ್ತರಿಂದ ತಮಗಾಗುತ್ತಿರುವ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಮುಂತಾದ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ, ಅಂದು ಸಮಾಜದ ಅಂಚಿನಲ್ಲಿದ್ದ ತಿರುಕುಲ ಜಾಂಬವಕುಲಗಳವರನ್ನೂ ಸಾಕ್ಷಿಯಾಗಿಟ್ಟುಕೊಂಡು, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲತಕ್ಕವೆಂದು ವಿಧಿಸಿದನು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯೋ ವೃದ್ಧಿಯೋ ಆದರೆ ಅದನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ಎಣಿಸಬೇಕೆಂದೂ, ಈ ಮರ್ಯಾದೆಯನ್ನು ಸಾರುವ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ನೆಡಿಸಬೇಕೆಂದೂ ಅಪ್ಪಣೆಯಾಯಿತು.

ಸಂಗೀತದ ಊರಿನವನಾದ ನನ್ನನ್ನು ಈ ಕಲ್ಲಿನಲ್ಲಿ ಮೊದಲು ಸೆಳೆದದ್ದು ವಾದ್ಯದ ಮಾತು. ಅಲ್ಲಿನ ವ್ಯಾಜ್ಯ ಸಿದ್ಧಾಂತದ್ದಾಗಿರಲಿಲ್ಲ. ಆತ್ಮವೆಷ್ಟು ದೇವರುಂಟೆ ಎಂದು ಅರಸನನ್ನು ಯಾರೂ ಕೇಳಲಿಲ್ಲ. ಅಲ್ಪಸಂಖ್ಯರು ತಮ್ಮ ಹಬ್ಬದಂದು ಬೀದಿಗೆ ಕೇಳುವಂತೆ ವಾದ್ಯ ನುಡಿಸಬಹುದೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆಗಳಲ್ಲೊಂದು. ಭಿನ್ನಮತಕ್ಕೆ ಮನೆಯೊಳಗೆ ಪಿಸುಗುಡುವ ಸ್ವಾತಂತ್ರ್ಯವಿದ್ದರೆ ಸಾಲದೆಂದು ಆ ತೀರ್ಪು ಮನಗಂಡಿದೆ. ಇನ್ನೂ ಆಳವಾದ ವಿವೇಕ ಅದರ ಮುಂದಿನ ಭಾಗದಲ್ಲಿದೆ. ಅರಸನು ಎರಡು ಪಂಗಡಗಳನ್ನು ದೂರ ದೂರ ಕೂರಿಸಿ ಸುಮ್ಮನಾಗಲಿಲ್ಲ. ಬಲಿಷ್ಠರಿಗೆ ದುರ್ಬಲರ ರಕ್ಷಣೆಯನ್ನೇ ಕೆಲಸವಾಗಿ ಕೊಟ್ಟನು. ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನಿಗೆ ಬಿತ್ತು, ತಾತಯ್ಯನು ಶ್ರೀವೈಷ್ಣವ.

ಆ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದ ಒಂದಂಶವಿದೆ. ಕಾವಲಿನ ವೆಚ್ಚಕ್ಕೆ ವರ್ಷಕ್ಕೆ ಮನೆಗೊಂದು ಹಣದಂತೆ ತೆರಬೇಕಾದವರು ಜೈನರೇ. ಪೆಟ್ಟು ತಿಂದವರೇ ತಮ್ಮ ರಕ್ಷಣೆಯ ಖರ್ಚನ್ನೂ ಹೊರಬೇಕಾಯಿತು. ಆರೂವರೆ ಶತಮಾನ ಕಳೆದರೂ ಈ ಭಾರ ಹೆಗಲು ಬದಲಿಸಿಲ್ಲ. ಇಂದಿನ ಬಳಗಗಳಲ್ಲಿ ಅವಮಾನಕ್ಕೆ ಗುರಿಯಾದವನೊಬ್ಬ ದೂರು ಕೊಡಲು ಹೊರಟರೆ, ಯಾವ ದಿನ ಯಾರು ಏನೆಂದರೆಂಬುದನ್ನೆಲ್ಲ ಹುಡುಕಿ, ಜೋಡಿಸಿ, ತನ್ನನ್ನು ನೋಯಿಸಿದ ಮಾತುಗಳನ್ನು ಮತ್ತೊಮ್ಮೆ ಓದಿ, ಎಲ್ಲರ ಮುಂದೆ ಹರಡಬೇಕು. ಬಹಳ ಮಂದಿ ಅಷ್ಟು ದೂರ ಬರಲಾರದೆ ಸುಮ್ಮನಾಗುತ್ತಾರೆ. ಅವರ ಮೌನವನ್ನು ಉಳಿದವರು ಸಮಾಧಾನವೆಂದು ತಿಳಿಯುತ್ತಾರೆ.

ಬುಕ್ಕನ ಆಜ್ಞೆಯೂ ಒಮ್ಮೆ ಕೆತ್ತಿದ ಮಾತ್ರಕ್ಕೆ ನೆಟ್ಟಗೆ ನಿಂತುದಲ್ಲ. ಕಲ್ಲೆಹದ ಬುಸುವಿಸೆಟ್ಟಿ ಮತ್ತೆ ಅರಸನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ವ್ಯವಸ್ಥೆಯನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರೆಂದೂ ಆ ಕಲ್ಲೇ ಹೇಳುತ್ತದೆ. ಕಾವಲಿಗೆ ಕೊಟ್ಟು ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬ ವಿಧಿಯೂ ಅಲ್ಲಿದೆ.

ನಮ್ಮ ಸ್ವಯಂಸೇವಕ ಬಳಗಗಳು ಈ ಶಾಸನದಿಂದ ಒಂದು ಪದ್ಧತಿಯನ್ನಾದರೂ ತೆಗೆದುಕೊಳ್ಳಬೇಕೆಂದು ನನಗೆ ಮನಃಪೂರ್ವಕವಾಗಿ ಅನ್ನಿಸುತ್ತದೆ. ಒಂದು ವಿವಾದದಲ್ಲಿ ಬಹುಮತ ಒಂದು ಕಡೆಗೆ ನಿಂತು ತೀರ್ಮಾನವಾದ ಕೂಡಲೇ, ಸೋತವನ ವಾದವನ್ನು ಚರ್ಚೆಯ ಪುಟದಲ್ಲಿ ಅವನೂ ಒಪ್ಪುವಷ್ಟು ನ್ಯಾಯವಾಗಿ ಬರೆದಿಡುವ ಕೆಲಸವನ್ನೂ, ಅವನಿಗೆ ಯಾರಾದರೂ ಕಟುವಾಗಿ ಮಾತನಾಡಿದ್ದರೆ ಅದರ ಸಾಕ್ಷ್ಯವನ್ನು ಒಟ್ಟುಗೂಡಿಸುವ ಕೆಲಸವನ್ನೂ, ಮುಂದಿನ ಕೆಲವು ತಿಂಗಳು ಅವನ ಬರಹಕ್ಕೆ ಅಕಾರಣವಾಗಿ ಯಾರೂ ಕೈಹಾಕದಂತೆ ನೋಡಿಕೊಳ್ಳುವ ಕೆಲಸವನ್ನೂ ಗೆದ್ದ ಪಕ್ಷದವರಲ್ಲೇ ಒಬ್ಬರಿಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಿಕೊಂಡವರು ತಾತಯ್ಯನಂತೆ ತಮ್ಮ ಹೆಸರನ್ನು ಎಲ್ಲರಿಗೂ ಕಾಣುವಂತೆ ಬರೆದು, ಕೆಲಸ ಹಿಡಿಯಲಿ.