ಸಡಿಲ ಎಳೆ

ವಿಜ್ಞಾನವನ್ನು ಕನ್ನಡಕ್ಕೆ ತರುವಾಗ ಕಷ್ಟ ಕೊಡುವುದು ದೊಡ್ಡ ಪಾರಿಭಾಷಿಕ ಪದಗಳಲ್ಲ. ಅವನ್ನು ಇದ್ದ ಹಾಗೆಯೇ ಬರೆದುಬಿಡಬಹುದು. ಡಿಎನ್‌ಎ, ಪ್ರೋಟೀನ್, ಜೀನ್ ಎಂದರೆ ಇವತ್ತು ಯಾರೂ ಹುಬ್ಬೇರಿಸುವುದಿಲ್ಲ. ತೊಂದರೆ ಬರುವುದು ಸಾಮಾನ್ಯ ಪದಗಳಿಂದ. ಪದವಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರದ ಟಿಪ್ಪಣಿ ಬರೆಯುವ ನನ್ನನ್ನು ಈಚೆಗೆ ಹಲವು ದಿನ ಕಾಡಿದ್ದು ‘ಡಿಸಾರ್ಡರ್ಡ್’ ಎಂಬ ಪದ. ಗೊತ್ತಾದ ಒಂದು ಆಕಾರಕ್ಕೆ ಮಡಚಿಕೊಳ್ಳದ ಪ್ರೋಟೀನ್ ಭಾಗಗಳಿಗೆ ವಿಜ್ಞಾನಿಗಳು ಇಟ್ಟ ಹೆಸರು ಅದು. ನಿಘಂಟಿನ ಪ್ರಕಾರ ‘ಅವ್ಯವಸ್ಥಿತ’, ಇಲ್ಲವೇ ‘ಅಸ್ತವ್ಯಸ್ತ’. ಎರಡೂ ಮಗನ ಕೋಣೆ ನೋಡಿ ತಾಯಿ ಆಡುವ ಮಾತುಗಳು.

ಈ ಬೈಗುಳಕ್ಕೆ ಒಂದು ಚರಿತ್ರೆಯಿದೆ. 1894ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಕಿಣ್ವವನ್ನೂ ಅದು ಹಿಡಿಯುವ ವಸ್ತುವನ್ನೂ ಬೀಗ ಮತ್ತು ಬೀಗದ ಕೈಗೆ ಹೋಲಿಸಿದರು. ಮುಂದೆ ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರೂ ಮಯೋಗ್ಲೋಬಿನ್‌ನ, ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್‌ನ ಆಕಾರವನ್ನು ಕಂಡು 1962ರ ನೊಬೆಲ್ ಹಂಚಿಕೊಂಡರು. ಪ್ರೋಟೀನನ್ನು ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ ಆಕಾರ ತಿಳಿಯುವ ದಾರಿ ಅದು. ಅಲುಗಾಡುತ್ತಲೇ ಇರುವ ಭಾಗ ಆ ಚಿತ್ರದಲ್ಲಿ ಮೂಡುವುದಿಲ್ಲ. ಹರಳುಗಟ್ಟಲು ಅಡ್ಡಿಯಾಗುತ್ತದೆಂದು ಅಂಥ ಭಾಗವನ್ನು ಕತ್ತರಿಸಿ ತೆಗೆಯುವುದೂ ಉಂಟು. ಕಾಣದ್ದಕ್ಕೆ ಕೆಲಸವೂ ಇರಲಾರದು ಎಂಬ ಭಾವನೆ ಹೀಗೆ ಬೇರೂರಿತು.

ಜೀನ್‌ಗಳ ಕಡೆಯಿಂದ ಬಂದವರಿಗೆ ಮಾತ್ರ ಬೇರೆಯದೇ ಕಂಡಿತು. ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ಗ್ಯಾಲ್-4 ಎಂಬ ಪ್ರೋಟೀನ್ ಇದೆ. ಗ್ಯಾಲಕ್ಟೋಸ್ ಸಕ್ಕರೆ ಸಿಕ್ಕಾಗ ಅದನ್ನು ಬಳಸಲು ಬೇಕಾದ ಜೀನ್‌ಗಳನ್ನು ಚಾಲೂ ಮಾಡುವುದು ಇದರ ಕೆಲಸ. ಇದರ ಒಂದು ತುದಿ ಅಚ್ಚುಕಟ್ಟಾಗಿ ಮಡಚಿಕೊಂಡು ಡಿಎನ್‌ಎಯನ್ನು ಹಿಡಿಯುತ್ತದೆ. ಇನ್ನೊಂದು ತುದಿ ಬಾಲದಂತೆ ಇಳಿಬಿದ್ದಿರುತ್ತದೆ. ಸಕ್ಕರೆ ಇಲ್ಲದಾಗ ಗ್ಯಾಲ್-80 ಎಂಬ ಇನ್ನೊಂದು ಪ್ರೋಟೀನ್ ಈ ಬಾಲವನ್ನು ಮುಚ್ಚಿಟ್ಟಿರುತ್ತದೆ. 1985ರಲ್ಲಿ ರೋಜರ್ ಬ್ರೆಂಟ್ ಮತ್ತು ಮಾರ್ಕ್ ಟಾಷ್ನೆ ಇದರ ತಲೆ ತೆಗೆದು, ಆ ಜಾಗಕ್ಕೆ ಬ್ಯಾಕ್ಟೀರಿಯಾದ ಪ್ರೋಟೀನೊಂದನ್ನು ಜೋಡಿಸಿದರು. ಹೊಸ ತಲೆ ಕೂರಬಲ್ಲ ಜಾಗವಿದ್ದ ಕಡೆ ಜೀನ್ ಚಾಲೂ ಆಯಿತು. ಎಂದರೆ ತಲೆ ವಿಳಾಸ ಹುಡುಕುತ್ತದೆ, ಕರೆ ಕೊಡುವುದು ಬಾಲ. ಎರಡು ವರ್ಷಗಳ ನಂತರ ಟಾಷ್ನೆ ಪ್ರಯೋಗಾಲಯದಲ್ಲೇ ಬಾಲದ ಬದಲಿಗೆ ಬ್ಯಾಕ್ಟೀರಿಯಾದ ಡಿಎನ್‌ಎಯಿಂದ ಎಲ್ಲೆಂದರಲ್ಲಿ ಆರಿಸಿದ ತುಣುಕುಗಳನ್ನು ಜೋಡಿಸಿ ನೋಡಿದರು. ಅವುಗಳಲ್ಲೂ ಕೆಲವು ಕೆಲಸ ಮಾಡಿದವು! ಬೀಗದ ಕೈ ಆಗಿದ್ದರೆ ಇದು ಸಾಧ್ಯವೇ? 1988ರಲ್ಲಿ ಪಾಲ್ ಸಿಗ್ಲರ್ ‘ನೇಚರ್’ ಪತ್ರಿಕೆಯ ಲೇಖನದ ಶೀರ್ಷಿಕೆಯಲ್ಲೇ ಇಂಥವನ್ನು ನೂಡಲ್ಸ್‌ಗೆ ಹೋಲಿಸಿದರು. ನಮ್ಮಲ್ಲಿ ಶಾವಿಗೆ ಅನ್ನಬಹುದು.

ಈ ಶಾವಿಗೆ ಹೇಗೆ ಕೆಲಸ ಮಾಡುತ್ತದೆ? ಇಂಥ ಅನೇಕ ಬಾಲಗಳಲ್ಲಿ ಋಣ ವಿದ್ಯುದಂಶದ ಅಮೈನೊ ಆಮ್ಲಗಳು ಹೆಚ್ಚು. ನಡುನಡುವೆ ಎಣ್ಣೆಯ ಹಾಗೆ ನೀರನ್ನು ದೂರವಿಡುವ ಕೆಲವು. ಎಣ್ಣೆಯ ಗುಣದವು ತಮ್ಮಷ್ಟಕ್ಕೆ ಬಿಟ್ಟರೆ ಒಳಗೆ ಮುದುಡಿಕೊಳ್ಳುತ್ತವೆ. ಋಣ ವಿದ್ಯುದಂಶದವು ಒಂದನ್ನೊಂದು ತಳ್ಳುತ್ತ ಎಳೆಯನ್ನು ಬಿಚ್ಚಿಟ್ಟು, ಅವನ್ನು ಹೊರಗೇ ಉಳಿಸುತ್ತವೆ ಎಂಬುದು ಈಗಿನ ವಿವರಣೆ. ಜೀನನ್ನು ಓದುವ ಯಂತ್ರಕ್ಕೂ ಈ ಬಾಲಕ್ಕೂ ನಡುವೆ ನಿಲ್ಲುವ ‘ಮೀಡಿಯೇಟರ್’ ಎಂಬ ಪ್ರೋಟೀನ್ ಗುಂಪನ್ನು ಅವು ಮುಟ್ಟುತ್ತವೆ. ಮುಟ್ಟುವುದೂ ಗಟ್ಟಿಯಾಗಿ ಅಲ್ಲ. 2011ರಲ್ಲಿ ಸಿಯಾಟಲ್‌ನ ಸ್ಟೀವನ್ ಹಾನ್ ಮತ್ತು ರೇಚೆಲ್ ಕ್ಲೆವಿಟ್ ಗುಂಪುಗಳು ಯೀಸ್ಟಿನದೇ ಇನ್ನೊಂದು ಪ್ರೋಟೀನಾದ ಜಿಸಿಎನ್-4ರಲ್ಲಿ ಇದನ್ನು ನೋಡಿದವು. ಅದರ ಎಳೆ ಮೀಡಿಯೇಟರ್‌ನ ಒಂದು ಭಾಗದ ಮೇಲೆ ಒಮ್ಮೆ ಹೀಗೆ, ಒಮ್ಮೆ ಹಾಗೆ, ಬೇರೆ ಬೇರೆ ಭಂಗಿಗಳಲ್ಲಿ ಕೂತೇಳುತ್ತದೆ. ಬಲವಾದ ಒಂದು ಹಿಡಿತದ ಬದಲು ಬೇಗ ಬಿಟ್ಟುಬಿಡುವ ಹಲವು ಸ್ಪರ್ಶಗಳು. ಚಾಲೂ ಆದ ಜೀನ್ ಬೇಕೆಂದಾಗ ಆರಬೇಕಲ್ಲ, ಅದಕ್ಕೂ ಇದು ಅನುಕೂಲ.

ಪದದ ವಿಷಯಕ್ಕೆ ಬರೋಣ. ‘ನಿರಾಕಾರ’ ಅಂದುಕೊಂಡೆ. ಕನ್ನಡದ ಕಿವಿಗೆ ಅದು ಕೂಡಲೇ ದೇವರ ಮಾತಾಗುತ್ತದೆ. ಮೇಲಾಗಿ ಈ ಎಳೆಗೆ ಪ್ರತಿ ಗಳಿಗೆಯಲ್ಲೂ ಒಂದು ಆಕಾರ ಇದ್ದೇ ಇರುತ್ತದೆ, ಅದು ನಿಲ್ಲುವುದಿಲ್ಲ ಅಷ್ಟೆ. ಬೇಕಾದ ಹಾಗೆಲ್ಲ ಬಾಗುವ ಸ್ವಾತಂತ್ರ್ಯವೂ ಅದಕ್ಕಿಲ್ಲ. ಅಮೈನೊ ಆಮ್ಲಗಳ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುತ್ತವೆ ಎಂಬುದರ ನಕ್ಷೆಯನ್ನು 1963ರಲ್ಲಿ ಮದ್ರಾಸಿನಿಂದ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಬಂದರು. ಗಟ್ಟಿ ಆಕಾರದ ಪ್ರೋಟೀನಿನಂತೆ ಈ ಬಾಲವೂ ಆ ನಕ್ಷೆಯ ಗಡಿಯೊಳಗೇ ಆಡಬೇಕು. ಕೊನೆಗೆ ಟಿಪ್ಪಣಿಯಲ್ಲಿ ‘ಸಡಿಲ ಎಳೆ’ ಎಂದು ಬರೆದೆ. ಸಡಿಲವಾದದ್ದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಮಗುವಿಗೆ ಅಂಗಿ ಹೊಲಿಸುವಾಗ ಸಡಿಲವಾಗಿರಲಿ ಎಂದೇ ಹೇಳುತ್ತೇವೆ.

ಹಾಗೆಂದು ಸಡಿಲವೆಲ್ಲ ಸೌಮ್ಯವೂ ಅಲ್ಲ. ಮಕ್ಕಳ ಮತ್ತು ಹರೆಯದವರ ಮೂಳೆಗಳಲ್ಲಿ ಕಾಣಿಸಿಕೊಳ್ಳುವ ಯೂಯಿಂಗ್ ಸಾರ್ಕೋಮ ಎಂಬ ಕ್ಯಾನ್ಸರ್ ಇದೆ. ಅದರ ಬಹುಪಾಲು ರೋಗಿಗಳಲ್ಲಿ 11 ಮತ್ತು 22ನೇ ವರ್ಣತಂತುಗಳು ತುಂಡಾಗಿ ಅದಲುಬದಲಾಗಿ ಕೂಡಿಕೊಂಡಿರುತ್ತವೆ. ಆಗ ಒಂದು ಪ್ರೋಟೀನಿನ ಸಡಿಲ ಎಳೆ ಇನ್ನೊಂದರ ಡಿಎನ್‌ಎ ಹಿಡಿಯುವ ತಲೆಗೆ ಅಂಟಿಕೊಳ್ಳುತ್ತದೆ. ಹೋಗಬಾರದ ವಿಳಾಸಕ್ಕೆ ಕರೆ ಹೋಗುತ್ತದೆ, ಸುಮ್ಮನಿರಬೇಕಾದ ಜೀನ್‌ಗಳು ಚಾಲೂ ಆಗುತ್ತವೆ. ಟಾಷ್ನೆ ಗುಂಪು ಯೀಸ್ಟಿನಲ್ಲಿ ಬೇಕೆಂದೇ ಮಾಡಿದ್ದನ್ನು ಮಗುವಿನ ಮೂಳೆಯಲ್ಲಿ ಆಕಸ್ಮಿಕವೇ ಮಾಡಿಬಿಟ್ಟಿರುತ್ತದೆ.

ಇದನ್ನು ತರಗತಿಯಲ್ಲಿ ವಿವರಿಸಿ, ನಮ್ಮ ಬಹಳಷ್ಟು ಔಷಧಿಗಳು ಪ್ರೋಟೀನಿನ ಮೇಲಿನ ಯಾವುದಾದರೊಂದು ಗುಳಿಯಲ್ಲಿ ಕೂತು ಕೆಲಸ ಮಾಡುತ್ತವೆ, ಇಂಥ ಎಳೆಯಲ್ಲಿ ಸ್ಥಿರವಾದ ಗುಳಿಯೇ ಇರುವುದಿಲ್ಲ ಎಂದೆ. ಹಿಂದಿನ ಬೆಂಚಿನ ಹುಡುಗಿ ಬರೆಯುವುದನ್ನು ನಿಲ್ಲಿಸಿದಳು.

“ಹಾಗಾದ್ರೆ ಅದನ್ನ ಎಲ್ಲಿ ಹಿಡೀಬೇಕು ಸರ್?”

ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ಈಗ ಕೇಳುತ್ತಿರುವ ಪ್ರಶ್ನೆಯೂ ಅದೇ ಎಂದು ಅವಳಿಗೆ ಹೇಳಿದೆ.