ಒಬ್ಬನಿಗೆ ಬದಲಾಗಿ ಮೂವರು

2023ರ ಏಪ್ರಿಲ್ 27, ಗುರುವಾರ ರಾತ್ರಿ. ನಾನಾಗ ಆನ್‌ಸೈಟ್ ಅಂತ ಹ್ಯೂಸ್ಟನ್‌ನಲ್ಲಿದ್ದೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯರೊಬ್ಬರು "ಇವತ್ತು ಡ್ರಾಫ್ಟ್ ಇದೆ, ಮನೆಗೆ ಬಾ" ಅಂತ ಕರೆದಿದ್ದರು. ಅಮೆರಿಕನ್ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಆಡುವ ಕುಸ್ತಿ ಅಂದುಕೊಂಡಿದ್ದವನು ನಾನು. ನಿಜ ಹೇಳಬೇಕೆಂದರೆ ಹೋಗಿದ್ದು ಪಿಜ್ಜಾ ಆಸೆಗೆ :-)

ಊರಿನ ತಂಡ ಹ್ಯೂಸ್ಟನ್ ಟೆಕ್ಸನ್ಸ್ ಎರಡನೇ ಸರದಿಯಲ್ಲಿ ಸಿ.ಜೆ. ಸ್ಟ್ರೌಡ್ ಅನ್ನುವ ಕ್ವಾರ್ಟರ್‌ಬ್ಯಾಕ್ ಹುಡುಗನನ್ನು ಆರಿಸಿಕೊಂಡಿತು. ಮನೆ ತುಂಬಾ ಕೂಗಾಟ. ಅದು ಅಡಗುವ ಮೊದಲೇ ಟಿವಿಯಲ್ಲಿ ಇನ್ನೊಂದು ಸುದ್ದಿ. ಮೂರನೇ ಸರದಿ ಅರಿಝೋನಾದ್ದು, ಅದನ್ನೂ ಟೆಕ್ಸನ್ಸ್ ಕೊಂಡುಕೊಂಡಿದೆ! ವಿಲ್ ಆಂಡರ್ಸನ್ ಅನ್ನುವ ಡಿಫೆನ್ಸ್ ಆಟಗಾರನಿಗಾಗಿ. ಮತ್ತೆ ಕೂಗಾಟ. ಆಮೇಲೆ ಪರದೆಯ ಕೆಳಗೆ ಬೆಲೆ ಬಂತು ನೋಡಿ, ನಮ್ಮ ಹಿರಿಯರು ಗಪ್‌ಚುಪ್. "ಮುಂದಿನ ವರ್ಷದ್ದೂ ಕೊಟ್ಟುಬಿಟ್ಟರಾ..." ಅಂತ ಗೊಣಗಿ, ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಲೆಕ್ಕ ಹಾಕತೊಡಗಿದರು.

ನನಗೆ ಪಿಜ್ಜಾ ಮರೆತುಹೋಯಿತು. ಕಾಗದದ ತುಂಬಾ ಬರೀ ಸಂಖ್ಯೆಗಳು!

*

ಈ ಡ್ರಾಫ್ಟ್ ಅಂದರೆ ಏನಪ್ಪಾ ಅಂತೀರಾ? ನಮ್ಮ ಸಿಇಟಿ ಕೌನ್ಸೆಲಿಂಗ್ ನೆನಪಿಸಿಕೊಳ್ಳಿ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರೇ ಸೀಟು ಆರಿಸಿಕೊಳ್ಳುತ್ತೀವಲ್ಲ, ಹಾಗೆಯೇ ಇಲ್ಲಿ 32 ತಂಡಗಳು ಸರದಿಯಲ್ಲಿ ನಿಂತು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಏಳು ಸುತ್ತು. ವ್ಯತ್ಯಾಸ ಎರಡು. ಒಂದು, ಹಿಂದಿನ ವರ್ಷ ಅತಿ ಹೆಚ್ಚು ಸೋತವರಿಗೆ ಮೊದಲ ಸರದಿ. ಎರಡು, ಸರದಿಯನ್ನೇ ಮಾರಬಹುದು! ಹತ್ತನೇ ರ‍್ಯಾಂಕಿನವನು "ನನ್ನ ರ‍್ಯಾಂಕ್ ತಗೋ, ನಿನ್ನ 27 ಕೊಡು, ಜೊತೆಗೆ ಮುಂದಿನ ವರ್ಷ ನಿನ್ನ ತಮ್ಮನಿಗೆ ಬರುವ ರ‍್ಯಾಂಕೂ ನನಗಿರಲಿ" ಅಂದ ಹಾಗೆ. ಐಪಿಎಲ್ ಹರಾಜಿನಲ್ಲಿ ದುಡ್ಡು ಓಡಾಡುತ್ತದೆ. ಇಲ್ಲಿ ಓಡಾಡುವುದು ಸರದಿ.

ಬೆಲೆ ಹೇಗೆ ಕಟ್ಟುವುದು? ಹಿರಿಯರ ಕೈಲಿದ್ದ ಕಾಗದ ಅದಕ್ಕೇ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಪಾಲುದಾರರಲ್ಲೊಬ್ಬರಾದ ಮೈಕ್ ಮೆಕಾಯ್ ಇದನ್ನು ತಯಾರಿಸಿದರು. ಓದಿನಿಂದ ಇಂಜಿನಿಯರ್, ನಮ್ಮ ಪೈಕಿ! ಆಗಿನ ಕೋಚ್ ಜಿಮ್ಮಿ ಜಾನ್ಸನ್ ಇದನ್ನು ಬಳಸಿದ್ದರಿಂದ ಅವರ ಹೆಸರೇ ಅಂಟಿಕೊಂಡಿತು. ಮೊದಲ ಸರದಿಗೆ 3000 ಪಾಯಿಂಟ್, ಎರಡನೆಯದಕ್ಕೆ 2600, ಮೂರನೆಯದಕ್ಕೆ 2200, ಹದಿನಾರನೆಯದಕ್ಕೆ 1000, 32ನೆಯದಕ್ಕೆ 590. ಹೀಗೆ ಜಾರುಬಂಡೆಯ ಹಾಗೆ ಇಳಿಯುತ್ತದೆ.

ಒಂದು ಸೂಕ್ಷ್ಮ ಇದೆ. ಮೆಕಾಯ್ ನೋಡಿದ್ದು ಹಿಂದಿನ ವ್ಯಾಪಾರಗಳನ್ನು. ಅಂದರೆ ಯಾವ ಸರದಿಗೆ ಜನ ಎಷ್ಟು ತೆತ್ತಿದ್ದರು ಅನ್ನುವುದನ್ನು. ಆ ಸರದಿಯಲ್ಲಿ ಬಂದವನು ಮೈದಾನದಲ್ಲಿ ಎಷ್ಟು ಆಡಿದ ಅನ್ನುವುದನ್ನಲ್ಲ. ಪಟ್ಟಿಯಲ್ಲಿರುವುದು ಮಾರುಕಟ್ಟೆಯ ರೇಟು, ಕಾಳಿನ ತೂಕ ಅಲ್ಲ.

ಆ ರಾತ್ರಿಯ ಲೆಕ್ಕ ಹೀಗಿತ್ತು. ಟೆಕ್ಸನ್ಸ್‌ಗೆ ಬಂದಿದ್ದು 3 ಮತ್ತು 105ನೇ ಸರದಿ. ಕೊಟ್ಟಿದ್ದು 12 (1200 ಪಾಯಿಂಟ್), 33 (580), ಅದರ ಮೇಲೆ 2024ರ ಮೊದಲ ಸುತ್ತಿನ ಸರದಿ, ಮೂರನೇ ಸುತ್ತಿನದ್ದು ಬೇರೆ. ಅಂದರೆ ಸುಮಾರು 500 ಪಾಯಿಂಟಿನ ಬಾಕಿಗೆ ಮುಂದಿನ ವರ್ಷವನ್ನು ಬರೆದುಕೊಟ್ಟಿದ್ದರು. 2022ರಲ್ಲಿ 17 ಪಂದ್ಯದಲ್ಲಿ ಗೆದ್ದಿದ್ದು ಮೂರೇ ಮೂರು. ಮತ್ತೆ ಹಾಗೇ ಸೋತರೆ 2024ರ ಸರದಿ ಎರಡು ಸಾವಿರದ ಮೇಲೆ ಬಾಳುತ್ತದೆ. ಕೈಸಾಲಕ್ಕೆ ಮನೆ ಅಡವಿಟ್ಟ ಹಾಗೆ.

*

ಆ ರಾತ್ರಿ ರೂಮಿಗೆ ಬಂದವನು ಇದರ ಹಿಂದೆಯೇ ಬಿದ್ದೆ. ರಿಚರ್ಡ್ ಥೇಲರ್ ಹೆಸರು ಕೇಳಿರುತ್ತೀರಿ, 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದವರು. ಅವರೂ ಕೇಡ್ ಮ್ಯಾಸಿ ಅನ್ನುವವರೂ ಸೇರಿ ಡ್ರಾಫ್ಟ್ ಬಗ್ಗೆ ಬರೆದ ಪ್ರಬಂಧ 2013ರಲ್ಲಿ ಪ್ರಕಟವಾಯಿತು. ಹೆಸರು 'ಸೋತವರ ಶಾಪ' ಅನ್ನುವ ಅರ್ಥದ್ದು. ಸೋತವರಿಗೆ ವರ ಅಂತ ಕೊಡುವ ಮೊದಲ ಸರದಿಯೇ ಶಾಪ ಆಗುತ್ತದೆ ಅನ್ನುವುದು ವಾದ. ಅದರಲ್ಲಿ ಎರಡು ಸಂಖ್ಯೆ ನನ್ನನ್ನು ಮಲಗಲು ಬಿಡಲಿಲ್ಲ.

ಮೊದಲನೆಯದು 52. ಒಂದೇ ಜಾಗಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಶೇಕಡಾ 52. ವರ್ಷಗಟ್ಟಲೆ ವೀಡಿಯೋ ನೋಡಿ, ಓಡಿಸಿ, ಎತ್ತರ ತೂಕ ಅಳೆದು, ಸಂದರ್ಶನ ಮಾಡಿ ಕೊನೆಗೆ ಸಿಕ್ಕಿದ್ದು ನಾಣ್ಯ ಚಿಮ್ಮುವುದಕ್ಕಿಂತ ಎರಡೇ ಎರಡು ಹೆಚ್ಚು!

ಎರಡನೆಯದು 136. ಈ ವರ್ಷದ ಸರದಿಗೆ ಮುಂದಿನ ವರ್ಷದ ಸರದಿ ಕೊಡುವಾಗ ತಂಡಗಳು ತೆರುವ ಬಡ್ಡಿ, ವರ್ಷಕ್ಕೆ ಶೇಕಡಾ 136. ಈ ವರ್ಷದ ಮೂರನೇ ಸುತ್ತಿನದ್ದು ಬೇಕಾದರೆ ಮುಂದಿನ ವರ್ಷದ ಎರಡನೇ ಸುತ್ತಿನದ್ದು ಕೊಡಬೇಕು ಅನ್ನುವುದು ಅಲ್ಲಿನ ರೂಢಿ. ಇದು ಮೀಟರ್ ಬಡ್ಡಿಯವರ ಸಹವಾಸ.

ಪ್ರಬಂಧದ ಕಾಲದಲ್ಲಿ ಮೊದಲ ಸರದಿಯವರ ಸಂಬಳವೂ ವಿಪರೀತ ಇತ್ತು ಅನ್ನುವುದು ನಿಜ. 2010ರ ಮೊದಲಿಗ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರಿನ ಒಪ್ಪಂದ. 2011ರಲ್ಲಿ ನಿಯಮ ಬದಲಾಗಿ, ಆ ವರ್ಷದ ಮೊದಲಿಗ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಹಾಗಾಗಿ ಶಾಪ ಸ್ವಲ್ಪ ತಗ್ಗಿದೆ. ಆದರೆ ಬಡ್ಡಿಗೆ ಸಾಲ ಎತ್ತುವ ಚಟ ಹೋಗಲಿಲ್ಲ.

ನಿಯಮ ಬದಲಾದ ಮರುವರ್ಷವೇ ನೋಡಿ. ರಾಬರ್ಟ್ ಗ್ರಿಫಿನ್ ಅನ್ನುವ ಕ್ವಾರ್ಟರ್‌ಬ್ಯಾಕ್‌ಗಾಗಿ ವಾಷಿಂಗ್ಟನ್ ತಂಡ ಆರರಿಂದ ಎರಡಕ್ಕೆ ಹಾರಿತು. ತೆತ್ತಿದ್ದು 2012, 2013, 2014ರ ಮೊದಲ ಸುತ್ತಿನ ಮೂರೂ ಸರದಿ, ಜೊತೆಗೆ 2012ರ ಎರಡನೇ ಸುತ್ತಿನದ್ದು. ಪಡೆದವರು ರ‍್ಯಾಮ್ಸ್. ಗ್ರಿಫಿನ್ ಮೊದಲ ವರ್ಷ ಮಿಂಚಿದ. 2013ರ ಜನವರಿಯಲ್ಲಿ ಮಂಡಿ ಹೋಯಿತು. ಆಮೇಲೆ ಮೊದಲಿನಂತಾಗಲಿಲ್ಲ.

2014ರ ಡಿಸೆಂಬರ್‌ನಲ್ಲಿ ಎರಡೂ ತಂಡಗಳು ವಾಷಿಂಗ್ಟನ್ ತಂಡದ ಮೈದಾನದಲ್ಲೇ ಎದುರಾದವು. ಟಾಸ್‌ಗೆ ರ‍್ಯಾಮ್ಸ್ ಕೋಚ್ ಕಳಿಸಿದ್ದು ಆರು ಜನ ಕ್ಯಾಪ್ಟನ್‌ಗಳನ್ನು. ಆರೂ ಜನ ಆ ಒಂದು ವ್ಯಾಪಾರದಿಂದ ಬಂದವರು! ಗ್ರಿಫಿನ್ ಆಗಲೇ ತಂಡದ ಆಡುವ ಜಾಗ ಕಳೆದುಕೊಂಡಿದ್ದ. ರ‍್ಯಾಮ್ಸ್ 24-0ಯಿಂದ ಗೆದ್ದಿತು.

ಆ ದೃಶ್ಯ ಓದಿ ನಾನು ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ. ಯಾಕೆ ಅಂತ ಹೇಳುತ್ತೇನೆ.

*

2021. ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲ. ನಮ್ಮ ಪ್ರಾಜೆಕ್ಟಿಗೆ ಬೇರೆ ಟೀಮಿನ ಡೇಟಾಬೇಸ್ ಪರಿಣತರೊಬ್ಬರು ಬೇಕಾಗಿದ್ದರು. ಅಲ್ಲಿನ ಮ್ಯಾನೇಜರ್ ಪುಕ್ಕಟೆ ಬಿಟ್ಟುಕೊಡುತ್ತಾರಾ? ಮೂವರು ಹೊಸಬರನ್ನು ಕೊಡಿ ಅಂದರಂತೆ. ಕೊಟ್ಟರು. ಆ ವ್ಯಾಪಾರದ ಎಕ್ಸೆಲ್ ಶೀಟ್ ಹೇಗೋ ನನ್ನ ಕಣ್ಣಿಗೂ ಬಿತ್ತು. 'ಬರುವವರು' ಅನ್ನುವ ಕಡೆ ಆ ಪರಿಣತರ ಹೆಸರು, ಅನುಭವ, ಸರ್ಟಿಫಿಕೇಟು ಎಲ್ಲ. 'ಹೋಗುವವರು' ಅನ್ನುವ ಕಡೆ ಫ್ರೆಶರ್ 1, ಫ್ರೆಶರ್ 2, ಫ್ರೆಶರ್ 3. ನಾನು ಫ್ರೆಶರ್ 2.

ಬೈಗುಳ ತಿಂದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ ನನಗೆ.

ಡ್ರಾಫ್ಟ್ ಓದುವಾಗ ಅರ್ಥವಾಗಿದ್ದು ಇದೇ. ಆ ಬಡ್ಡಿ ಯಾಕೆ ಅಷ್ಟಿದೆ ಗೊತ್ತಾ? ಇವತ್ತು ಆಯ್ಕೆಯಾಗುವವನಿಗೆ ಮುಖ ಇದೆ. ಹೆಸರಿದೆ, ವೀಡಿಯೋ ಇದೆ, ಪಕ್ಕದಲ್ಲಿ ಅಳುತ್ತಾ ನಿಂತ ಅಮ್ಮ ಇದ್ದಾಳೆ. ಕೊಡುವ ಕಡೆ ಇರುವುದು '2024ರ ಮೊದಲ ಸುತ್ತು' ಅನ್ನುವ ಮೂರು ಪದ. ಆ ಹುಡುಗ ಇನ್ನೂ ಎಲ್ಲೋ ಕಾಲೇಜಿನಲ್ಲಿದ್ದಾನೆ, ಅವನು ಯಾರು ಅಂತ ಕೊಡುವವನಿಗೂ ಗೊತ್ತಿಲ್ಲ. ಮುಖ ಇಲ್ಲದವನನ್ನು ಕೊಡುವುದು ಬಹಳ ಸುಲಭ.

*

ಹಾಗಾದರೆ ಮೇಲಕ್ಕೆ ಹಾರುವುದೇ ದಡ್ಡತನವಾ? ಹಾಗಂತ ಬರೆದು ಮುಗಿಸಿಬಿಟ್ಟರೆ ಮೋಸವಾಗುತ್ತದೆ.

2017ರಲ್ಲಿ ಒಂದೇ ರಾತ್ರಿ ಇಬ್ಬರು ಹಾರಿದರು. ಶಿಕಾಗೋ ಬೇರ್ಸ್ ಮೂರರಿಂದ ಎರಡಕ್ಕೆ, ಒಂದೇ ಒಂದು ಮೆಟ್ಟಿಲು, ಮಿಚೆಲ್ ಟ್ರುಬಿಸ್ಕಿಗಾಗಿ. ಕಾನ್ಸಾಸ್ ಸಿಟಿ ಚೀಫ್ಸ್ 27ರಿಂದ ಹತ್ತಕ್ಕೆ, ಪ್ಯಾಟ್ರಿಕ್ ಮಹೋಮ್ಸ್‌ಗಾಗಿ. ತೆತ್ತಿದ್ದು 27, 91 ಮತ್ತು 2018ರ ಮೊದಲ ಸುತ್ತಿನ ಸರದಿ. ಟ್ರುಬಿಸ್ಕಿ ನಾಲ್ಕು ವರ್ಷಕ್ಕೆ ಶಿಕಾಗೋ ಬಿಟ್ಟ. ಮಹೋಮ್ಸ್ 2020, 2023, 2024 ಮೂರು ಸೂಪರ್‌ಬೌಲ್ ಗೆದ್ದ. ಆ ರಾತ್ರಿ ಎರಡೂ ಕೋಣೆಗಳಲ್ಲಿ "ಇವನೇ ಬೇಕು" ಅನ್ನುವ ಖಾತ್ರಿ ಇದ್ದೇ ಇತ್ತು, ಇಲ್ಲದಿದ್ದರೆ ಯಾರೂ ಹಾರುತ್ತಿರಲಿಲ್ಲ. ಖಾತ್ರಿ ನೋಡಿ ಯಾರು ಸರಿ ಅಂತ ಹೇಳಲಾಗದು.

ಇನ್ನು ನಮ್ಮ ಹಿರಿಯರ ಟೆಕ್ಸನ್ಸ್? ಸ್ಟ್ರೌಡ್ ಮತ್ತು ಆಂಡರ್ಸನ್ ಇಬ್ಬರೂ ಆ ವರ್ಷದ ಅತ್ಯುತ್ತಮ ಹೊಸಬರು, ಒಬ್ಬ ಅಫೆನ್ಸ್‌ನಲ್ಲಿ, ಒಬ್ಬ ಡಿಫೆನ್ಸ್‌ನಲ್ಲಿ. ತಂಡ ತನ್ನ ಗುಂಪಿನಲ್ಲೇ ಮೊದಲಾಯಿತು. ಎರಡು ಸಾವಿರ ಬಾಳಬಹುದು ಅಂತ ಹೆದರಿದ್ದ 2024ರ ಸರದಿ ಕೊನೆಗೆ 27ನೆಯದಾಯಿತು, 680 ಪಾಯಿಂಟ್! ಅಡವಿಟ್ಟ ಮನೆ ಉಳಿಯಿತು. ಹಿರಿಯರು ಫೋನ್ ಮಾಡಿ ಹತ್ತು ನಿಮಿಷ ನಕ್ಕರು.

*

ಇಷ್ಟೆಲ್ಲ ಈಗ ಬರೆಯಲು ಕಾರಣ ಬೇರೆ.

ಬೆಂಗಳೂರಿಗೆ ವಾಪಸ್ ಬಂದು ಈಗ ನಾನೇ ಲೀಡ್. ಎರಡು ತಿಂಗಳ ಹಿಂದೆ ನನ್ನ ಬಳಿ ಎರಡು ಖಾಲಿ ಜಾಗ ಇದ್ದವು. ಒಂದು ತಕ್ಷಣಕ್ಕೆ, ಇನ್ನೊಂದು ನಮ್ಮ ಇಂಟರ್ನ್ ಹುಡುಗಿಯನ್ನು ಕಾಯಂ ಮಾಡಿಕೊಳ್ಳಲು. ಸಂದರ್ಶನಕ್ಕೆ ಒಬ್ಬ ಬಂದ. ಅದ್ಭುತ! ಕೇಳಿದ ಸಂಬಳ ಮಾತ್ರ ಒಂದು ಜಾಗಕ್ಕೆ ಸಾಲದು. "ಎರಡನ್ನೂ ಸೇರಿಸಿ ಒಂದು ಮಾಡಿ ಕೊಡಿ, ಇವನು ಬೇರೆಯೇ ಲೆವೆಲ್" ಅಂತ ಮ್ಯಾನೇಜರ್ ಹತ್ತಿರ ವಾದ ಮಾಡಿ ಗೆದ್ದೆ. 52 ಅನ್ನುವ ಸಂಖ್ಯೆ ಬಾಯಿಪಾಠ ಬರುತ್ತಿದ್ದ ನಾನೇ. ಶೀಟಿನಲ್ಲಿ ಅವನ ಹೆಸರಿನ ಎದುರು ಆರು ಸಾಲು ಹೊಗಳಿಕೆ ಬರೆದೆ. ಕೆಳಗಿನ ಸಾಲಿನಲ್ಲಿ 'ಇಂಟರ್ನ್ – ಮುಂದಿನ ವರ್ಷ ನೋಡೋಣ' ಅಂತ ಬರೆದು ಮುಚ್ಚಿದೆ.

ಅವನು ಕೆಲಸದಲ್ಲಿ ನಿಜಕ್ಕೂ ಚೆನ್ನಾಗಿದ್ದಾನೆ. ಅವನ ಮೇಲೆ ನನಗೆ ಒಂದು ದೂರೂ ಇಲ್ಲ. ಇದು ನನ್ನ ಮಹೋಮ್ಸ್ ಆದರೂ ಆಗಬಹುದು.

ಆದರೆ ಮೊನ್ನೆ ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ನಿಂತಿದ್ದಾಗ ಆ ಹುಡುಗಿ ಕೇಳಿದಳು, "ಸರ್, ನನ್ನ ಪೊಸಿಷನ್ ವಿಷಯ ಏನಾದ್ರೂ ಗೊತ್ತಾಯ್ತಾ?" ಅಂತ. ನಾನು "ಬಜೆಟ್ ಪ್ರಾಬ್ಲಂ ಅಂತಿದ್ದಾರೆ, ನೋಡೋಣ" ಅಂದೆ. "ಸರಿ ಸರ್" ಅಂತ ಹೋದಳು. ಡ್ರಾಫ್ಟಿನವರಿಗಾದರೂ ಕೊಡುವವನ ಮುಖ ಗೊತ್ತಿರುವುದಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆಸರು ಬರೆಯಲಿಲ್ಲ.

ಅವಳ ಇಂಟರ್ನ್‌ಶಿಪ್ ಮುಗಿಯಲು ಇನ್ನೂ ಮೂರು ವಾರ ಇದೆ. ಅಷ್ಟರಲ್ಲಿ ಬೇರೆ ಟೀಮುಗಳಲ್ಲಿ ವಿಚಾರಿಸಬಹುದು. ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಬಜೆಟ್ ಅಲ್ಲ, ನಾನೇ ಆ ಜಾಗ ಕೊಟ್ಟೆ ಅಂತ ಅವಳಿಗೆ ಹೇಳುವುದಂತೂ ನನ್ನ ಕೈಲೇ ಇದೆ. ಬೇರೆ ಕಡೆ ಹುಡುಕಿಕೊಳ್ಳಲು ಆಗಲಾದರೂ ಅವಳಿಗೆ ಸಮಯ ಸಿಗುತ್ತದೆ.

ನಾಳೆ ಸೋಮವಾರ. ಹೋದ ತಕ್ಷಣ ಆ ಶೀಟ್ ತೆಗೆದು, ಕೆಳಗಿನ ಸಾಲಿನಲ್ಲಿ ಮೊದಲು ಅವಳ ಹೆಸರು ಬರೆಯಬೇಕು.